ಹರ್ಮಿಯಾ ಕೊನೆಗೆ ಹೇಳಿದ ಮಾತು: ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ಆಡಲು ಹೊರಟವರಿಗೆ

ಕಾಲೇಜಿನ ವಾರ್ಷಿಕೋತ್ಸವ ಹತ್ತಿರ ಬಂದಾಗ ಕಲಬುರಗಿಯ ಹುಡುಗರು ನನ್ನ ಬಳಿ ಬಂದು ಕೇಳುವ ನಾಟಕ ಒಂದೇ: ಕತ್ತೆಯ ತಲೆ ಬರುವ ನಾಟಕ. ಷೇಕ್ಸ್‌ಪಿಯರ್ ಸುಮಾರು 1595–96ರಲ್ಲಿ ಬರೆದ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ಎಂಬ ಹೆಸರು ಅವರಿಗೆ ನೆನಪಿರುವುದಿಲ್ಲ, ತಲೆ ನೆನಪಿರುತ್ತದೆ. ರಟ್ಟು ಎಲ್ಲಿ ಸಿಗುತ್ತದೆ, ಕಿವಿಗೆ ಏನು ಅಂಟಿಸಬೇಕು ಎಂಬುದರಿಂದಲೇ ಮಾತು ಶುರುವಾಗುತ್ತದೆ. ತಲೆಯನ್ನು ಕೊನೆಗೆ ನೋಡೋಣ ಎನ್ನುತ್ತೇನೆ. ಅವರಿಗೆ ಬೇಸರವಾಗುತ್ತದೆ.

ಈ ನಾಟಕದಲ್ಲಿ ಪ್ರೀತಿ ಬಲು ಅಗ್ಗ. ರೆಪ್ಪೆಯ ಮೇಲೆ ಎರಡು ಹನಿ ಹೂವಿನ ರಸ ಬಿದ್ದರೆ ಸಾಕು, ಕಣ್ಣು ಬಿಟ್ಟಾಗ ಎದುರಿಗೆ ಕಂಡವರ ಮೇಲೆ ಮನಸ್ಸು ಹುಟ್ಟುತ್ತದೆ. ಮದುವೆ ಮಾತ್ರ ದುಬಾರಿ. ಅದಕ್ಕೆ ತಂದೆ ಬೇಕು, ದೊರೆ ಬೇಕು, ಕಾನೂನು ಬೇಕು, ಮುಹೂರ್ತ ಬೇಕು; ಮದುವೆಯಾಗುವ ಹುಡುಗಿ ಏನೆನ್ನುತ್ತಾಳೆ ಎಂಬುದು ಪಟ್ಟಿಯ ತುದಿಯಲ್ಲಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ನಗು ಹುಟ್ಟುವುದು ಈ ಎರಡರ ನಡುವಿನ ಕಂದಕದಲ್ಲಿ. ಕಂದಕವನ್ನು ಮುಚ್ಚಿ ನಗುವನ್ನಷ್ಟೇ ಉಳಿಸಿಕೊಂಡ ಪ್ರಯೋಗಗಳನ್ನು ಬೇಕಾದಷ್ಟು ನೋಡಿದ್ದೇನೆ. ಅಂಥವನ್ನು ನಾನೂ ಎರಡು ಸಲ ಮಾಡಿದ್ದೇನೆ. ಮೂರನೆಯ ಸಲ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೀದರ್, ಯಾದಗಿರಿಯ ತಂಡಗಳಿಗೂ ಆದೀತು.

ಕಥೆ ಗೊತ್ತಿಲ್ಲದವರಿಗೆ ನಾಲ್ಕು ಸಾಲು. ಅಥೆನ್ಸಿನ ದೊರೆ ಥೀಸಿಯಸ್ ತಾನು ಯುದ್ಧದಲ್ಲಿ ಗೆದ್ದ ಅಮೆಜಾನ್ ರಾಣಿ ಹಿಪ್ಪೊಲಿಟಾಳನ್ನು ಇನ್ನು ನಾಲ್ಕು ದಿನದಲ್ಲಿ ಮದುವೆಯಾಗಲಿದ್ದಾನೆ. ಅಷ್ಟರಲ್ಲಿ ಈಜಿಯಸ್ ಎಂಬ ತಂದೆ ತನ್ನ ಮಗಳು ಹರ್ಮಿಯಾಳ ಮೇಲೆ ದೂರು ತರುತ್ತಾನೆ: ತಾನು ಗೊತ್ತುಮಾಡಿದ ಡಿಮಿಟ್ರಿಯಸ್ ಅವಳಿಗೆ ಬೇಡವಂತೆ, ಲೈಸ್ಯಾಂಡರನೇ ಬೇಕಂತೆ. ಈ ಡಿಮಿಟ್ರಿಯಸ್ ಹಿಂದೆ ಹೆಲೆನಾಳಿಗೆ ಆಸೆ ಹುಟ್ಟಿಸಿ ಕೈಬಿಟ್ಟವನು. ನಾಲ್ವರೂ ರಾತ್ರಿ ಕಾಡು ಸೇರುತ್ತಾರೆ. ಅಲ್ಲಿ ಯಕ್ಷರ ರಾಜ ಓಬೆರಾನ್, ರಾಣಿ ಟೈಟಾನಿಯಾ ಜಗಳವಾಡಿಕೊಂಡಿದ್ದಾರೆ. ದೊರೆಯ ಮದುವೆಗೆ ನಾಟಕ ಕಲಿಯಲು ಊರಿನ ಕಸುಬುದಾರರೂ ಅಲ್ಲಿಗೇ ಬಂದಿದ್ದಾರೆ. ಉಳಿದದ್ದೆಲ್ಲ ಹೂವಿನ ರಸದ ಕೆಲಸ.

ಮೊದಲ ಹೆಜ್ಜೆ: ಒಂದು ನೋಟ್‌ಬುಕ್, ಒಂದು ಪ್ರಶ್ನೆ

ಪಾತ್ರ ಹಂಚುವ ಮುನ್ನ ಇಡೀ ತಂಡ ಕುಳಿತು ನಾಟಕವನ್ನು ಗಟ್ಟಿಯಾಗಿ ಓದಬೇಕು. ಮೊಬೈಲಿನಲ್ಲಿ ಸಿಗುವ ಸಾರಾಂಶದಿಂದ ಕೆಲಸವಾಗುವುದಿಲ್ಲ. ಕನ್ನಡಕ್ಕೆ ಇದನ್ನು ಕೆ. ಎಸ್. ನಿಸಾರ್ ಅಹಮದ್ ಅನುವಾದಿಸಿದ್ದಾರೆ. ಅದಕ್ಕೂ ಬಹಳ ಹಿಂದೆ ಎಂ. ಎಲ್. ಶ್ರೀಕಂಠೇಶಗೌಡರು ಇದೇ ನಾಟಕವನ್ನು ‘ಪ್ರಮೀಳಾರ್ಜುನೀಯ’ವಾಗಿ ಮಾರ್ಪಡಿಸಿದರು. ಆ ಹೆಸರಿನಲ್ಲೇ ಒಂದು ಪಾಠವಿದೆ. ‘ಅಮೆಜಾನ್ ರಾಣಿ’ ಎಂದರೆ ನಮ್ಮ ಪ್ರೇಕ್ಷಕರಿಗೆ ಏನೂ ಹೊಳೆಯುವುದಿಲ್ಲ. ಗಂಡಸರಿಲ್ಲದ ಸ್ತ್ರೀರಾಜ್ಯದ ಪ್ರಮೀಳೆ, ಯಜ್ಞದ ಕುದುರೆಯ ಹಿಂದೆ ಬಂದ ಅರ್ಜುನ ಎಂದರೆ ಜೈಮಿನಿ ಭಾರತ ಕೇಳಿದ ಅಜ್ಜನೂ ತಲೆದೂಗುತ್ತಾನೆ.

ಓದುವಾಗ ಒಬ್ಬರು ನೋಟ್‌ಬುಕ್ ಹಿಡಿದು ಕೂರಲಿ. ಥೀಸಿಯಸ್–ಹಿಪ್ಪೊಲಿಟಾ, ಹರ್ಮಿಯಾ–ಲೈಸ್ಯಾಂಡರ್, ಹೆಲೆನಾ–ಡಿಮಿಟ್ರಿಯಸ್, ಟೈಟಾನಿಯಾ–ಓಬೆರಾನ್, ಕೊನೆಗೆ ನಾಟಕದೊಳಗಿನ ನಾಟಕದ ಪಿರಮಸ್–ಥಿಸ್ಬಿ. ಪ್ರತಿ ಜೋಡಿಯ ಎದುರು ಒಂದೇ ಪ್ರಶ್ನೆ: ಇವರಲ್ಲಿ ಯಾರನ್ನು ಯಾರು ಕೇಳಿದರು, ಅವರು ಏನೆಂದರು? ನಮ್ಮ ತಂಡ ಇದನ್ನು ಮಾಡಿದಾಗ ಐದನೆಯ ಅಂಕದ ಹೊತ್ತಿಗೆ ಹರ್ಮಿಯಾ ಮತ್ತು ಹೆಲೆನಾರ ಸಾಲು ಪೂರ್ತಿ ಖಾಲಿ ಉಳಿಯಿತು. ಬರೆಯುತ್ತಿದ್ದ ಹುಡುಗಿ ತಾನೇ ಏನೋ ಬಿಟ್ಟಿದ್ದೇನೆ ಎಂದುಕೊಂಡು ಮತ್ತೆ ಪುಟ ತಿರುವಿದಳು. ಬಿಟ್ಟಿರಲಿಲ್ಲ. ಈ ವಿಷಯಕ್ಕೆ ಮುಂದೆ ಬರುತ್ತೇನೆ.

ಎರಡನೆಯದು: ಮೊದಲ ದೃಶ್ಯಕ್ಕೆ ನಾಲ್ಕು ಸಂಜೆ ಕೊಡಿ

ಎಲ್ಲರೂ ಕಾಡಿಗೆ ಹೋಗುವ ಆತುರದಲ್ಲಿರುತ್ತಾರೆ. ಹೋಗಬೇಡಿ. ಮದುವೆಯ ಬಗ್ಗೆ ಈ ನಾಟಕ ಹೇಳುವುದರಲ್ಲಿ ಅರ್ಧ ಅರಮನೆಯ ಮೊದಲ ದೃಶ್ಯದಲ್ಲೇ ಇದೆ.

ತೆರೆ ಏಳುತ್ತಿದ್ದಂತೆ ಥೀಸಿಯಸ್ ನಾಲ್ಕು ದಿನ ಕಾಯುವುದೂ ಕಷ್ಟವೆಂದು ಹಲುಬುತ್ತಾನೆ. ಹಿಪ್ಪೊಲಿಟಾ ಸುಮಾರು ಐದು ಸಾಲು ಮಾತನಾಡುತ್ತಾಳೆ: ನಾಲ್ಕು ಹಗಲು ರಾತ್ರಿಯಲ್ಲಿ ಕರಗುತ್ತವೆ, ನಾಲ್ಕು ರಾತ್ರಿ ಕನಸಿನಲ್ಲಿ ಕಳೆಯುತ್ತವೆ, ಆಮೇಲೆ ಬಗ್ಗಿಸಿದ ಬೆಳ್ಳಿಬಿಲ್ಲಿನಂಥ ಚಂದ್ರ ನಮ್ಮ ಮದುವೆಯನ್ನು ನೋಡುತ್ತಾನೆ. ಸಂತೋಷ ಎಂದು ಎಲ್ಲೂ ಹೇಳುವುದಿಲ್ಲ. ಥೀಸಿಯಸ್ ಮಾತ್ರ ಬಾಯಿಬಿಟ್ಟು ಹೇಳುತ್ತಾನೆ, ಕತ್ತಿಯಿಂದ ನಿನ್ನನ್ನು ಒಲಿಸಿಕೊಂಡೆ, ನೋಯಿಸಿ ನಿನ್ನ ಪ್ರೀತಿ ಗೆದ್ದೆ ಎಂದು. ಅಲ್ಲಿಂದ ಆ ದೃಶ್ಯ ಮುಗಿಯುವವರೆಗೆ ಅವಳು ತುಟಿ ಬಿಚ್ಚುವುದಿಲ್ಲ. ಅವಳ ಕಣ್ಣೆದುರಿಗೇ ಇನ್ನೊಬ್ಬ ಹುಡುಗಿಯ ತೀರ್ಪಾಗುತ್ತದೆ. ಹೊರಡುವಾಗ ಥೀಸಿಯಸ್ ತಿರುಗಿ, ಏನಾಯಿತು ನನ್ನ ಒಲವೇ, ಹೇಗಿದ್ದೀಯೆ ಎಂಬ ಅರ್ಥದ ಮಾತು ಕೇಳುತ್ತಾನೆ. ಅವಳ ಮುಖದಲ್ಲಿ ಏನೋ ಕಂಡದ್ದಕ್ಕೇ ತಾನೇ ಅವನು ಕೇಳಿದ್ದು? ಏನು ಕಂಡಿತು ಎಂಬುದನ್ನು ತೀರ್ಮಾನಿಸುವುದು ನಿಮ್ಮ ತಾಲೀಮಿನ ದೊಡ್ಡ ಕೆಲಸ. ಹಿಪ್ಪೊಲಿಟಾಳ ಪಾತ್ರಕ್ಕೆ ಮಾತು ಕಡಿಮೆ ಎಂದು ಹೊಸಬಳನ್ನು ನಿಲ್ಲಿಸಬೇಡಿ, ತಂಡದ ಅತ್ಯುತ್ತಮ ನಟಿಯನ್ನು ನಿಲ್ಲಿಸಿ.

ಇನ್ನು ಈಜಿಯಸ್. ನಮ್ಮ ಹುಡುಗರಿಗೆ ಈ ಪಾತ್ರ ಕೊಟ್ಟ ತಕ್ಷಣ ಮೀಸೆ ಹಚ್ಚಿಕೊಂಡು ಗುಡುಗಲು ತೊಡಗುತ್ತಾರೆ. ಕಂಪನಿ ನಾಟಕದ ಖಳನಾಯಕ ಮೈಮೇಲೆ ಬಂದುಬಿಡುತ್ತಾನೆ. ಆಗ ಪ್ರೇಕ್ಷಕರು ಅವನನ್ನು ದ್ವೇಷಿಸಿ ಹಗುರಾಗುತ್ತಾರೆ, ತಮ್ಮ ಮನೆಯನ್ನು ನೆನೆಯುವುದಿಲ್ಲ. ಅವನ ದೂರನ್ನು ಮೆಲ್ಲಗೆ ಓದಿಸಿ. ಕೂದಲಲ್ಲಿ ಹೆಣೆದ ಕಡಗ, ಉಂಗುರ, ಹೂಗೊಂಚಲು, ಸಿಹಿತಿಂಡಿ, ಬೆಳದಿಂಗಳಲ್ಲಿ ಕಿಟಕಿಯ ಕೆಳಗೆ ಹಾಡು. ಮಗಳ ಪೆಟ್ಟಿಗೆ ತೆರೆದು ಒಂದೊಂದೇ ವಸ್ತುವನ್ನು ಎಣಿಸಿ ನೋಡಿದ ತಂದೆ ಇವನು. ಅಂಥವನಿಗೆ ಅಳುವೂ ಬರುತ್ತದೆ. ಅಳುತ್ತಲೇ ಅವನು ಬೇಡುವುದೇನು? ಅವಳು ನನ್ನವಳು, ಮಾತು ಕೇಳದಿದ್ದರೆ ಕೊಲ್ಲುವ ಹಕ್ಕು ಕೊಡಿ.

ಅವನ ಇನ್ನೊಂದು ಮಾತಿಗೆ ಸರಿಯಾದ ಕನ್ನಡ ಸಿಕ್ಕದ್ದು ನನಗೆ ಹೊಲದ ಕಾಗದದಲ್ಲಿ. ಮೂಲದಲ್ಲಿ ಅವನು ಬಳಸುವ ಕ್ರಿಯಾಪದ ಆಸ್ತಿ ವರ್ಗಾಯಿಸುವಾಗ ಬಳಸುವಂಥದ್ದು. ‘ಅವಳನ್ನು ಡಿಮಿಟ್ರಿಯಸ್‌ಗೆ ಕೊಡುತ್ತೇನೆ’ ಎಂದರೆ ನಾವು ಮದುವೆಮನೆಯಲ್ಲಿ ದಿನವೂ ಕೇಳುವ ಮಾತಾಗಿಬಿಡುತ್ತದೆ, ಯಾರ ಕಿವಿಯೂ ನಿಮಿರುವುದಿಲ್ಲ. ‘ಅವಳ ಮೇಲೆ ನನಗಿರುವ ಹಕ್ಕನ್ನೆಲ್ಲ ಅವನ ಹೆಸರಿಗೆ ಮಾಡಿಕೊಡುತ್ತೇನೆ’ ಎನ್ನಿಸಿ ನೋಡಿ. ಪಹಣಿ ಹಿಡಿದು ಉಪನೋಂದಣಿ ಕಚೇರಿಯ ಮುಂದೆ ನಿಂತು ಗೊತ್ತಿರುವ ಸಭೆ ಒಂದು ಕ್ಷಣ ಸುಮ್ಮನಾಗುತ್ತದೆ.

ತಾಲೀಮಿನಲ್ಲಿ ಯಾರಾದರೂ ‘ಇದು ಆ ಕಾಲದ ಮಾತು, ಆ ದೇಶದ ಮಾತು’ ಎನ್ನುತ್ತಾರೆ. ಆಗ ಬಸವಕಲ್ಯಾಣವನ್ನು ನೆನಪಿಸಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಜಾತಿಯ ಗೆರೆ ದಾಟಿ ಮದುವೆಯಾಯಿತು, ಬಿಜ್ಜಳ ಇಬ್ಬರು ತಂದೆಯರಿಗೂ ಘೋರ ಶಿಕ್ಷೆ ಕೊಟ್ಟ ಎಂದು ನಮ್ಮ ಪರಂಪರೆ ಹೇಳುತ್ತ ಬಂದಿದೆ. ಅಥೆನ್ಸಿನಲ್ಲಿ ತಂದೆಯೇ ಕಾನೂನನ್ನು ಕರೆದು ಮಗಳ ಮೇಲೆ ಬಿಡುತ್ತಾನೆ. ಕಲ್ಯಾಣದಲ್ಲಿ ಒಪ್ಪಿಗೆ ಕೊಟ್ಟ ತಂದೆಯರ ಮೇಲೆಯೇ ರಾಜದಂಡ ಬಿತ್ತು. ಈ ಕಥೆಯನ್ನು ನಾಟಕಕ್ಕೆ ತುರುಕುವ ಆಸೆ ನನಗೂ ಆಗಿತ್ತು. ತುರುಕಿದರೆ ಎರಡೂ ಕೆಡುತ್ತವೆ. ಈಜಿಯಸ್ ಮಾಡುವ ಹುಡುಗನಿಗೆ ಹೇಳಿದರೆ ಸಾಕು, ಅವನ ದನಿ ತಾನಾಗಿ ತಗ್ಗುತ್ತದೆ.

ದೊರೆ ಹರ್ಮಿಯಾಳಿಗೆ ಕೊಡುವ ಆಯ್ಕೆ ಮೂರು: ತಂದೆ ಹೇಳಿದವನು, ಸಾವು, ಅಥವಾ ಬದುಕಿಡೀ ಡಯಾನಾ ದೇವಿಯ ಗುಡಿಯಲ್ಲಿ ಕನ್ಯೆಯಾಗಿ ಉಳಿಯುವುದು. ಗಡುವು ತನ್ನ ಮದುವೆಯ ದಿನದವರೆಗೆ. ತಂದೆ ನನ್ನ ಕಣ್ಣಿನಿಂದ ನೋಡಿದ್ದರೆ ಎಂದು ಅವಳು ಹಂಬಲಿಸಿದರೆ, ನಿನ್ನ ಕಣ್ಣೇ ಅವನ ವಿವೇಕದಿಂದ ನೋಡಬೇಕು ಎನ್ನುತ್ತಾನೆ. ನಮ್ಮಲ್ಲಿ ಈಗ 1954ರ ವಿಶೇಷ ವಿವಾಹ ಕಾಯ್ದೆ ಇದೆ, ಅದರಲ್ಲಿ 30 ದಿನಗಳ ನೋಟಿಸ್ ಅವಧಿ ಇದೆ. ಪ್ರಾಯಕ್ಕೆ ಬಂದ ಇಬ್ಬರು ಒಪ್ಪಿ ಮದುವೆಯಾಗಲು ಮನೆತನದ ಅಥವಾ ಸಮುದಾಯದ ಒಪ್ಪಿಗೆ ಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2018ರ ಶಕ್ತಿವಾಹಿನಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ನಾಟಕ ಮುಗಿದ ಮೇಲೆ ಪ್ರೇಕ್ಷಕರಲ್ಲಿ ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ, ನಿಮ್ಮಲ್ಲೊಬ್ಬರಿಗೆ ಉತ್ತರ ಗೊತ್ತಿರಲಿ.

ಮೂರನೆಯದು: ಮಾತುಗಳನ್ನು ಒರೆಗೆ ಹಚ್ಚಿ

ಅನುವಾದವಿದ್ದರೂ ಕೆಲವು ಪದಗಳನ್ನು ನಮ್ಮ ಊರಿನ ಕಿವಿಗೆ ಮತ್ತೊಮ್ಮೆ ಹೊಂದಿಸಬೇಕಾಗುತ್ತದೆ. ನಮ್ಮ ಮೊದಲ ಪ್ರಯೋಗದಲ್ಲಿ ಥೀಸಿಯಸ್ ‘ಅಮಾವಾಸ್ಯೆಗೆ ನಮ್ಮ ಮದುವೆ’ ಎಂದಾಗ ಹಿಂದಿನ ಸಾಲಿನ ಹೆಂಗಸರು ‘ಅಯ್ಯೋ’ ಎಂದರು. ನಗಬೇಕಾದ ಜಾಗ ಅದಾಗಿರಲಿಲ್ಲ. ಹಿಪ್ಪೊಲಿಟಾಳೇ ಬೆಳ್ಳಿಬಿಲ್ಲು ಎನ್ನುತ್ತಿದ್ದಾಳೆ, ಅಂದರೆ ಅವಳು ಕಾಣುತ್ತಿರುವುದು ಅಮಾವಾಸ್ಯೆ ಕಳೆದು ಮೂಡುವ ಎಳೆಯ ಚಂದ್ರನನ್ನು. ಬಿದಿಗೆಯ ಚಂದ್ರ ಎಂದರೆ ಮುಗಿಯಿತು. (ಅಷ್ಟು ಕ್ಷೀಣ ಚಂದ್ರನ ದಿನಗಳಲ್ಲಿ ಕಾಡಿನ ತುಂಬ ಬೆಳದಿಂಗಳು ಎಲ್ಲಿಂದ ಬಂತು ಎಂದು ಕೇಳಬೇಡಿ. ನಾಲ್ಕು ದಿನ ಎಂದು ಶುರುವಾದ ನಾಟಕ ಎರಡು ರಾತ್ರಿಯಲ್ಲೇ ಮುಗಿಯುತ್ತದೆ. ಕವಿ ಪಂಚಾಂಗ ನೋಡಿ ಬರೆದವನಲ್ಲ. ಅವನ ಕಸುಬುದಾರರು ಮಾತ್ರ ಆ ರಾತ್ರಿ ಚಂದ್ರ ಇದ್ದಾನೋ ಇಲ್ಲವೋ ಎಂದು ಪಂಚಾಂಗ ತೆರೆಯುತ್ತಾರೆ.)

ಹೆಸರಿನಲ್ಲಿರುವ ‘ನಡುಬೇಸಿಗೆ’ಯೂ ತೊಡಕಿನದು. ನಮಗೆ ನಡುಬೇಸಿಗೆ ಎಂದರೆ ಮೇ ತಿಂಗಳು, ಕಾದ ಶಹಾಬಾದ್ ಕಲ್ಲು, ಮಾಳಿಗೆಯ ಮೇಲೆ ನಿದ್ದೆಯಿಲ್ಲದ ರಾತ್ರಿ. ಅವರದು ಜೂನ್ 24ರ ಆಸುಪಾಸು, ಬೆಂಕಿ ಹಾಕಿ ಕುಣಿಯುವ ಹಬ್ಬದ ರಾತ್ರಿ. ನಾನು ಕಾರಹುಣ್ಣಿಮೆಯ ರಾತ್ರಿ ಎಂದು ಮನಸ್ಸಿನಲ್ಲಿಟ್ಟುಕೊಂಡೆ. ತಿಂಗಳೂ ಹೆಚ್ಚುಕಡಿಮೆ ಸರಿಹೊಂದುತ್ತದೆ, ಸಿಂಗರಿಸಿದ ಎತ್ತುಗಳ ಗೆಜ್ಜೆಯ ಸದ್ದನ್ನು ಹಿನ್ನೆಲೆಗೆ ಬಳಸಬಹುದು.

ಲೈಸ್ಯಾಂಡರ್ ಹರ್ಮಿಯಾಳನ್ನು ಓಡಿಸಿಕೊಂಡು ಹೋಗಲು ಹೊರಟಿರುವುದು ಒಬ್ಬ ವಿಧವೆಯ ಮನೆಗೆ. ಮಕ್ಕಳಿಲ್ಲದ, ಆಸ್ತಿ ಇರುವ, ಇವನನ್ನು ಮಗನಂತೆ ಕಾಣುವ ಬಂಧು. ಇಂಗ್ಲಿಷಿನಲ್ಲಿ ಒಂದೇ ಪದ; ನಮ್ಮಲ್ಲಿ ಅತ್ತೆಯೋ, ಚಿಕ್ಕಮ್ಮನೋ, ದೊಡ್ಡವ್ವನೋ ಎಂದು ತೀರ್ಮಾನಿಸದೆ ಬಾಯಿ ತೆರೆಯಲಾಗದು. ಅತ್ತೆ ಎಂದರೆ ಕೊಡುಕೊಳ್ಳುವ ಸಂಬಂಧದ ನೆರಳು ಬೀಳುತ್ತದೆ. ದೊಡ್ಡವ್ವ ಎಂದರೆ ಬಾಗಿಲು ತೆರೆದು ರೊಟ್ಟಿ ಹಾಕುವವಳು ಕಣ್ಣಿಗೆ ಕಟ್ಟುತ್ತಾಳೆ. ಅವಳ ಊರು ಅಥೆನ್ಸಿನಿಂದ ಏಳು ಲೀಗ್, ಸುಮಾರು 34 ಕಿಲೋಮೀಟರ್. ಕಲಬುರಗಿಯಿಂದ ಆಳಂದಕ್ಕಿರುವ ದೂರಕ್ಕಿಂತ ಕಡಿಮೆ. ಅಷ್ಟು ದೂರ ಹೋದರೆ ಕೊಲ್ಲುವ ಕಾನೂನು ಕೈಗೆ ಸಿಗದು ಎಂಬುದು ಅವರ ಲೆಕ್ಕ. ಓಡಿಹೋಗುವವರ ಲೆಕ್ಕ ಇವತ್ತಿಗೂ ಹೀಗೇ ಇರುತ್ತದೆ, ಬಸ್ಸಿನ ವೇಳೆ ನೋಡಿಕೊಂಡು.

ಇನ್ನೊಂದನ್ನು ಕನ್ನಡದಲ್ಲಿ ಸುಲಭವಾಗಿ ಮಾಡಬಹುದು. ಕಾಡು ಮುಗಿಯುವವರೆಗೆ ಪ್ರೇಮಿಗಳು ಒಬ್ಬರನ್ನೊಬ್ಬರು ‘ನೀನು’ ಎನ್ನಲಿ. ಬೆಳಗಾದ ಮೇಲೆ, ಎಚ್ಚರಾದ ಕ್ಷಣದಿಂದ, ಹೆಲೆನಾ ಮತ್ತು ಹರ್ಮಿಯಾ ಹುಡುಗರನ್ನು ‘ನೀವು’ ಎನ್ನುವಂತೆ ಒಂದೆರಡು ಸಾಲು ತಿದ್ದಿ. ಹುಡುಗರು ‘ನೀನು’ ಎಂದೇ ಮುಂದುವರಿಯಲಿ. ಯಾವ ವಿವರಣೆಯೂ ಬೇಡ. ನಮ್ಮ ಪ್ರಯೋಗ ಮುಗಿದ ಮೇಲೆ ಇದನ್ನು ಗುರುತಿಸಿ ಹೇಳಿದವರೆಲ್ಲ ಮದುವೆಯಾದ ಹೆಂಗಸರು, ಗಂಡಸರಲ್ಲಿ ಒಬ್ಬರೂ ಇರಲಿಲ್ಲ.

ಕಾಡಿನೊಳಗೆ

ಹೂವಿನ ರಸದ ಕಥೆ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಕ್ಯೂಪಿಡ್‌ನ ಬಾಣ ಗುರಿತಪ್ಪಿ ಬಿಳಿ ಹೂವಿಗೆ ತಾಗಿ ಅದು ನೇರಳೆಯಾಯಿತಂತೆ. ಕಾಮನ ಹೂಬಾಣ ಕೇಳಿ ಬೆಳೆದವರಿಗೆ ಇದು ಹೊಸದೇ? ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಿ. ಅವರ ಕ್ಯೂಪಿಡ್ ಕುರುಡ, ಹೆಲೆನಾ ಅದನ್ನೇ ಹೇಳಿ ಕೊರಗುತ್ತಾಳೆ. ನಮ್ಮ ಕಾಮ ಅನಂಗ, ದೇಹವಿಲ್ಲದವನು. ಅವನಿಗೆ ಕಾಣುವುದಿಲ್ಲ, ಇವನು ಕಾಣಿಸುವುದಿಲ್ಲ. ಓಬೆರಾನ್‌ನ ಸೇವಕ ಪಕ್ ರಸ ಹಿಂಡುವ ದೃಶ್ಯದಲ್ಲಿ ನಾನು ಪಕ್‌ನ ಕೈಯನ್ನಷ್ಟೇ ಬೆಳಕಿಗೆ ತಂದೆ.

ಹುಡುಗರಿಬ್ಬರ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಲೈಸ್ಯಾಂಡರನನ್ನು ನಾಯಕನಾಗಿ, ಡಿಮಿಟ್ರಿಯಸ್‌ನನ್ನು ದುಷ್ಟನಾಗಿ ಕಾಣಿಸುವುದು. ಕುಲದಲ್ಲಿ, ಆಸ್ತಿಯಲ್ಲಿ ತಾನು ಅವನಿಗೆ ಸರಿಸಮ ಎಂದು ಲೈಸ್ಯಾಂಡರನೇ ವಾದಿಸುತ್ತಾನೆ. ನೋಡುವವರಿಗೆ ಇಬ್ಬರನ್ನೂ ಬೇರ್ಪಡಿಸುವುದು ಕಷ್ಟವಾಗಬೇಕು. ವಾರಕ್ಕೊಮ್ಮೆ ತಾಲೀಮಿನಲ್ಲಿ ಪಾತ್ರಗಳನ್ನು ಅದಲುಬದಲು ಮಾಡಿ. ಆಗ ಹರ್ಮಿಯಾಳ ಹಟದ ತೂಕ ತಿಳಿಯುತ್ತದೆ: ಇಬ್ಬರೂ ಒಂದೇ ತರಹದ ವರಗಳು, ಅವಳು ಹೋರಾಡುತ್ತಿರುವುದು ಆರಿಸಿಕೊಳ್ಳುವುದಕ್ಕೆ.

ಡಿಮಿಟ್ರಿಯಸ್ ಮತ್ತು ಹೆಲೆನಾ ಕಾಡು ಹೊಗುವ ದೃಶ್ಯ ಅಪಾಯದ್ದು. ಅವಳು ಅವನ ನಾಯಿಯಾಗಿರುತ್ತೇನೆ, ಹೊಡೆ, ತುಳಿ ಎನ್ನುತ್ತಾಳೆ. ಅವನು, ರಾತ್ರಿ ಹೊತ್ತು ನಿರ್ಜನ ಜಾಗದಲ್ಲಿ ನಿನ್ನನ್ನು ಪ್ರೀತಿಸದ ಗಂಡಸಿನ ಕೈಗೆ ನಿನ್ನನ್ನು ಒಪ್ಪಿಸಿಕೊಂಡಿದ್ದೀಯೆ ಎಂದು ಬೆದರಿಸುತ್ತಾನೆ. ನಮ್ಮ ಸಿನಿಮಾಗಳಲ್ಲಿ ಹುಡುಗ ಹಿಂದೆ ಬಿದ್ದರೆ ಚಪ್ಪಾಳೆ, ಹುಡುಗಿ ಬಿದ್ದರೆ ಕೇಕೆ. ಸಭೆ ಕೇಕೆ ಹಾಕಲಿ, ಬೆದರಿಕೆಯ ಸಾಲು ಬಂದಾಗ ಡಿಮಿಟ್ರಿಯಸ್ ಒಂದು ಹೆಜ್ಜೆ ಮುಂದಿಡಲಿ, ಅಷ್ಟೇ. ಕೇಕೆ ನಿಲ್ಲುತ್ತದೆ.

ಇದಕ್ಕೆ ಪಕ್ಕದಲ್ಲೇ ಷೇಕ್ಸ್‌ಪಿಯರ್ ಇನ್ನೊಂದನ್ನು ಇಟ್ಟಿದ್ದಾನೆ. ದಣಿದ ಲೈಸ್ಯಾಂಡರ್ ಹರ್ಮಿಯಾಳ ಪಕ್ಕದಲ್ಲೇ ಮಲಗಲು ನೋಡುತ್ತಾನೆ. ಮದುವೆಯಾಗದವರಿಗೆ ತಕ್ಕಷ್ಟು ದೂರ ಸರಿ ಎನ್ನುತ್ತಾಳೆ. ಅವನು ಸರಿಯುತ್ತಾನೆ. ಹೀಗೆ ದೂರ ಮಲಗಿದ್ದರಿಂದಲೇ ಪಕ್ ಇವನೇ ಪ್ರೀತಿ ಒಲ್ಲದ ಒರಟ ಎಂದು ತಿಳಿದು ರಸ ಹಿಂಡಿ ಎಡವಟ್ಟು ಮಾಡುತ್ತಾನೆ. ಇಡೀ ನಾಟಕದಲ್ಲಿ ಒಬ್ಬ ಹುಡುಗಿಯ ಮಾತಿಗೆ ಹುಡುಗ ಬೆಲೆ ಕೊಟ್ಟದ್ದು ಇಲ್ಲಿ, ಅದರಿಂದಲೇ ಅನಾಹುತ! ಇಲ್ಲಿನ ದೂರವನ್ನು ಅಳತೆ ಮಾಡಿ ಇಡಿ. ತೀರ ಹತ್ತಿರ ಮಲಗಿಸಿದರೆ ಪಕ್‌ನ ತಪ್ಪು ತಪ್ಪೇ ಅನ್ನಿಸುವುದಿಲ್ಲ.

ಮೂರನೆಯ ಅಂಕದ ದೊಡ್ಡ ಜಗಳಕ್ಕೆ ನಿಮ್ಮ ತಾಲೀಮಿನ ಹೆಚ್ಚಿನ ದಿನಗಳು ಹೋಗುತ್ತವೆ. ಗಿಡ್ಡಿ, ಉದ್ದನೆಯ ಕಂಬ ಎಂಬ ಬೈಗುಳಕ್ಕೆ ಸಭೆ ಬಿದ್ದು ನಗುತ್ತದೆ, ಅದರ ಚಿಂತೆ ಬಿಡಿ. ಅದಕ್ಕೂ ಮುಂಚೆ ಹೆಲೆನಾ ನೆನೆಯುವ ಬಾಲ್ಯದ ಮಾತನ್ನು ಯಾರೂ ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ. ಇಬ್ಬರೂ ಒಂದೇ ಮೆತ್ತೆಯ ಮೇಲೆ ಕುಳಿತು, ಒಂದೇ ಹಾಡು ಹೇಳುತ್ತ, ಒಂದೇ ಬಟ್ಟೆಯ ಮೇಲೆ ಒಂದೇ ಹೂವನ್ನು ಕಸೂತಿ ಹಾಕುತ್ತಿದ್ದರಂತೆ. ನಾವು ಅವರ ಕೈಗೆ ಒಂದು ಕೌದಿ ಕೊಟ್ಟೆವು. ಮೊದಲ ದೃಶ್ಯದಲ್ಲಿ ಇಬ್ಬರೂ ಅದನ್ನು ಎರಡು ತುದಿಯಿಂದ ಹೊಲಿಯುತ್ತಿರುತ್ತಾರೆ, ಕಾಡಿಗೆ ಹೊದ್ದುಕೊಳ್ಳಲು ಅದನ್ನೇ ತರುತ್ತಾರೆ, ಜಗಳದಲ್ಲಿ ಅದನ್ನೇ ಎಳೆದಾಡುತ್ತಾರೆ. ಹಳೆಯ ಸೀರೆಗಳ ಕೌದಿ ಹರಿಯುವ ಸದ್ದು ಮೈಕಿಲ್ಲದೆಯೇ ಕೊನೆಯ ಸಾಲಿಗೆ ಮುಟ್ಟುತ್ತದೆ. ಪ್ರತಿ ಪ್ರದರ್ಶನಕ್ಕೂ ಮತ್ತೆ ಹೊಲಿದಿಡಬೇಕು, ನಟಿಯರೇ ಹೊಲಿಯಲಿ.

ರಾಣಿ ಮತ್ತು ಕತ್ತೆ

ಕೊನೆಗೂ ತಲೆಯ ಮಾತಿಗೆ ಬಂದೆವು. ರಟ್ಟಿನದಾಗಲಿ, ಬಿದಿರಿನದಾಗಲಿ, ಬಾಯಿ ತೆರೆದಿರಬೇಕು, ಇಲ್ಲವಾದರೆ ಮಾತು ಕೇಳಿಸದು. ನಮ್ಮ ಮೊದಲ ಪ್ರಯೋಗದಲ್ಲಿ, ಪಕ್ ಕತ್ತೆಯ ತಲೆ ತೊಡಿಸುವ ಕಸುಬುದಾರ ಬಾಟಮ್‌ನ ಅರ್ಧ ಮಾತು ರಟ್ಟಿನೊಳಗೇ ಉಳಿಯಿತು.

ಟೈಟಾನಿಯಾ–ಬಾಟಮ್ ಜೋಡಿಯನ್ನು ಅಶ್ಲೀಲ ಚೇಷ್ಟೆಯಾಗಿ ಆಡಿಸುವ ಚಪಲ ಎಲ್ಲ ಊರಿನಲ್ಲೂ ಇದೆ. ಪಠ್ಯವನ್ನು ನೋಡಿದರೆ, ಇಡೀ ಕಾಡಿನಲ್ಲಿ ಸಭ್ಯನಾಗಿ ನಡೆದುಕೊಳ್ಳುವ ಗಂಡಸು ಕತ್ತೆಯ ತಲೆಯವನೇ. ರಾಣಿ ನಿನ್ನನ್ನು ಪ್ರೀತಿಸುತ್ತೇನೆ ಎಂದರೆ, ಅದಕ್ಕೆ ಕಾರಣ ಕಾಣೆ, ಆದರೆ ಈಗೀಗ ಪ್ರೀತಿಗೂ ವಿವೇಕಕ್ಕೂ ಅಷ್ಟಾಗಿ ಒಡನಾಟವಿಲ್ಲ ಎನ್ನುತ್ತಾನೆ. ಅವಳ ಸೇವಕರ ಹೆಸರನ್ನು ಒಬ್ಬೊಬ್ಬರನ್ನಾಗಿ ಕೇಳಿ ಕುಶಲ ವಿಚಾರಿಸುತ್ತಾನೆ. ಜೇಡರಬಲೆ, ಸಾಸಿವೆಕಾಳು, ಬಟಾಣಿಹೂ. ನಾವು ಮೂರನೆಯವಳನ್ನು ತೊಗರಿಹೂ ಮಾಡಿದೆವು, ತೊಗರಿಯ ಕಣಜದಲ್ಲಿ ಬಟಾಣಿಗೇನು ಕೆಲಸ?

ಬಾಟಮ್ ನೇಕಾರ. ಜೊತೆಗೆ ಬಡಗಿಗಳು, ಕಲಾಯಿಯವನು, ದರ್ಜಿ, ತಿದಿ ಸರಿಮಾಡುವವನು. ಇಲ್ಲಿ ಎಚ್ಚರ ಬೇಕು. ಇಂಗ್ಲಿಷಿನಲ್ಲಿ ಬರೀ ಕಸುಬಾಗಿರುವುದು ನಮ್ಮಲ್ಲಿ ಬಾಯಿಗೆ ಬಂದ ಕೂಡಲೇ ಜಾತಿಯ ಹೆಸರಾಗಿ ಕೇಳಿಸುತ್ತದೆ, ಆಮೇಲೆ ಸಭೆ ನಗುವುದು ಅವರ ನಾಟಕಕ್ಕೋ ಅವರ ಹುಟ್ಟಿಗೋ ಎಂಬುದು ನಿಮ್ಮ ಹಿಡಿತದಲ್ಲಿರುವುದಿಲ್ಲ. ಅವರ ಮಾತಿನ ಧಾಟಿಯನ್ನು ಯಾವುದೇ ಸಮುದಾಯದ ಅಣಕವಾಗಿಸಬೇಡಿ. ನಾವು ಅವರನ್ನು ಜಾತ್ರೆಗೆ ದೊಡ್ಡಾಟ ಕಲಿಯುವ ಹಳ್ಳಿಯ ಮೇಳವಾಗಿ ಮಾಡಿದೆವು. ಹೆಣ್ಣುವೇಷ ಬೇಡ, ನನಗೆ ಗಡ್ಡ ಬರುತ್ತಿದೆ ಎಂದು ಗೋಗರೆಯುವ, ತಿದಿ ಸರಿಮಾಡುವ ಫ್ಲೂಟ್ ನಮ್ಮ ಆಟದ ಮೇಳಗಳಿಗೆ ಹೊಸಬನೇನಲ್ಲ. ಮೂಲದ ಕಾಲದಲ್ಲಿ ಹರ್ಮಿಯಾಳನ್ನೂ ಟೈಟಾನಿಯಾಳನ್ನೂ ಹುಡುಗರೇ ಆಡುತ್ತಿದ್ದರು.

ನಗುವಿನ ಅಡಿಯಲ್ಲಿ ಓಬೆರಾನ್ ಮಾಡುತ್ತಿರುವುದನ್ನು ಮರೆಯಬೇಡಿ. ಹೆರಿಗೆಯಲ್ಲಿ ಸತ್ತ ತನ್ನ ಗೆಳತಿಯ ಮಗುವನ್ನು ಟೈಟಾನಿಯಾ ಸಾಕುತ್ತಿದ್ದಾಳೆ; ಗೆಳತಿ ಭಾರತದವಳು, ಮೂಲದಲ್ಲೇ ಹಾಗಿದೆ. ಆ ಮಗು ಗಂಡನಿಗೆ ಬೇಕು. ಕೊಡುವುದಿಲ್ಲ ಎಂದದ್ದಕ್ಕೆ ಅವಳ ಕಣ್ಣಿಗೆ ರಸ ಹಿಂಡಿ, ಕತ್ತೆಗೆ ಒಲಿಯುವಂತೆ ಮಾಡಿ, ಅವಳು ಮೈಮರೆತಿರುವಾಗ ಮಗುವನ್ನು ತೆಗೆದುಕೊಳ್ಳುತ್ತಾನೆ. ಗಂಡಹೆಂಡಿರ ಜಗಳದಿಂದ ಲೋಕವೇ ಕೆಟ್ಟಿತು ಎಂದು ಟೈಟಾನಿಯಾ ಹೇಳುವ ದೀರ್ಘ ಮಾತನ್ನು ಎಲ್ಲರೂ ಕತ್ತರಿಸುತ್ತಾರೆ. ದಯವಿಟ್ಟು ಉಳಿಸಿಕೊಳ್ಳಿ. ಎತ್ತು ನೊಗ ಎಳೆದದ್ದು ವ್ಯರ್ಥ, ಹಸಿರು ಪೈರು ತೆನೆ ಕಟ್ಟುವ ಮುನ್ನವೇ ಕೊಳೆಯಿತು, ಹೊಲದಲ್ಲಿ ನೀರು ನಿಂತಿದೆ, ಋತುಗಳು ಒಂದರ ಬಟ್ಟೆ ಒಂದು ಹಾಕಿಕೊಂಡಿವೆ. ಬಿತ್ತಿದ ಮೇಲೆ ಮಳೆ ಹೋಗಿ, ಕೊಯ್ಲಿಗೆ ಬಂದಾಗ ಮಳೆ ಸುರಿದು ತೊಗರಿ ಕಳೆದುಕೊಂಡವರ ಮುಂದೆ ಈ ಮಾತನ್ನು ಆಡಿಸಿ ನೋಡಿ.

ಇಂಗ್ಲೆಂಡಿನ ನಿರ್ದೇಶಕ ಪೀಟರ್ ಬ್ರೂಕ್ 1970ರ ತಮ್ಮ ಪ್ರಯೋಗದಲ್ಲಿ ಥೀಸಿಯಸ್–ಓಬೆರಾನ್‌ರನ್ನು ಒಬ್ಬ ನಟನಿಂದ, ಹಿಪ್ಪೊಲಿಟಾ–ಟೈಟಾನಿಯಾರನ್ನು ಒಬ್ಬ ನಟಿಯಿಂದ ಮಾಡಿಸಿದ್ದರು. ಜನ ಕಡಿಮೆ ಇರುವ ತಂಡಕ್ಕೆ ಇದು ಅನುಕೂಲ. ಹಗಲಿನಲ್ಲಿ ಮಾತಾಡದ ರಾಣಿ ರಾತ್ರಿ ಜಗಳವಾಡುವುದನ್ನು ಒಂದೇ ಮುಖದಲ್ಲಿ ಕಾಣುವ ಲಾಭ ಬೇರೆ.

ಬೆಳಗಾದ ಮೇಲೆ

ನಾಲ್ಕನೆಯ ಅಂಕದಲ್ಲಿ ಬೇಟೆಗೆ ಬಂದ ದೊರೆ ನಾಲ್ವರನ್ನೂ ಎಬ್ಬಿಸುತ್ತಾನೆ. ಈಜಿಯಸ್ ಮತ್ತೆ ಕಾನೂನು, ಕಾನೂನು ಎನ್ನುತ್ತಾನೆ. ಡಿಮಿಟ್ರಿಯಸ್ ಎದ್ದು, ನನಗೆ ಹರ್ಮಿಯಾ ಬೇಡ, ಹೆಲೆನಾ ಬೇಕು ಎನ್ನುತ್ತಾನೆ. ಆ ಕ್ಷಣ ಥೀಸಿಯಸ್ ಈಜಿಯಸ್‌ನ ಇಚ್ಛೆಯನ್ನು ತಳ್ಳಿಹಾಕುತ್ತಾನೆ. ತಾನು ಸಡಿಲಿಸಲಾರೆ ಎಂದು ಮೊದಲ ಅಂಕದಲ್ಲಿ ಹೇಳಿದ ಅದೇ ಕಾನೂನು! ಹರ್ಮಿಯಾ ಗೋಗರೆದಾಗ ಅಲುಗಾಡದ್ದು, ಗಂಡಸೊಬ್ಬ ಮನಸ್ಸು ಬದಲಿಸಿದಾಗ ಗಾಳಿಗೆ ಹಾರಿತು. ಆ ಮನಸ್ಸಾದರೂ ಬದಲಾದದ್ದು ಹೂವಿನ ರಸದಿಂದ. ಲೈಸ್ಯಾಂಡರನ ಕಣ್ಣಿನ ರಸ ತೆಗೆಯುತ್ತಾರೆ, ಡಿಮಿಟ್ರಿಯಸ್‌ನದು ಕೊನೆಯವರೆಗೂ ಹಾಗೇ ಉಳಿಯುತ್ತದೆ. ಹೆಲೆನಾಳಿಗೆ ಅನುಮಾನವಿದೆ. ಅವನು ದಾರಿಯಲ್ಲಿ ಸಿಕ್ಕ ಒಡವೆಯ ಹಾಗೆ, ನನ್ನದೂ ಹೌದು, ನನ್ನದಲ್ಲವೂ ಹೌದು ಎನ್ನುತ್ತಾಳೆ. ಈ ಸಾಲನ್ನು ನಗುತ್ತ ಹೇಳಿಸಬೇಡಿ.

ಇದಾದ ಮೇಲೆ ನಾಲ್ಕು ಸಾಲಿನ ಪುಟ್ಟ ಮಾತುಕತೆ ಇದೆ, ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ. ದೊರೆ ಇಲ್ಲಿಗೆ ಬಂದದ್ದು ನಿಜವೇ, ಹಿಂಬಾಲಿಸಿ ಬನ್ನಿ ಎಂದನೇ ಎಂದು ಡಿಮಿಟ್ರಿಯಸ್ ಕೇಳುತ್ತಾನೆ. ‘ಹೌದು, ನನ್ನ ತಂದೆಯೂ’ ಎನ್ನುತ್ತಾಳೆ ಹರ್ಮಿಯಾ. ‘ಹಿಪ್ಪೊಲಿಟಾಳೂ’ ಎನ್ನುತ್ತಾಳೆ ಹೆಲೆನಾ. ನಾಟಕದಲ್ಲಿ ಈ ಇಬ್ಬರೂ ಆಡುವ ಕೊನೆಯ ಮಾತುಗಳು ಇವು. ಗೆದ್ದ ಹುಡುಗಿಯ ಕೊನೆಯ ಮಾತು ಗಂಡನ ಹೆಸರಲ್ಲ, ತಂದೆಯ ನೆನಪು. ನಮ್ಮ ಹರ್ಮಿಯಾ ಈ ಸಾಲನ್ನು ಸಂತೋಷದಿಂದ, ಭಯದಿಂದ, ಅಪ್ಪ ಎಲ್ಲಿ ಎಂದು ಹುಡುಕುವಂತೆ, ಹೀಗೆ ಹತ್ತಾರು ಬಗೆಯಲ್ಲಿ ಹೇಳಿ ನೋಡಿದಳು. ಕೊನೆಗೆ ಹುಡುಕುವಂತೆಯೇ ಇಟ್ಟೆವು.

ಅಪ್ಪ ಮದುವೆಗೆ ಬರುತ್ತಾನೆಯೇ? ಇಲ್ಲಿ ಪಠ್ಯಗಳೇ ಒಪ್ಪುವುದಿಲ್ಲ. 1600ರ ಮುದ್ರಣದಲ್ಲಿ ಐದನೆಯ ಅಂಕದಲ್ಲಿ ಈಜಿಯಸ್ ಇಲ್ಲ. ಷೇಕ್ಸ್‌ಪಿಯರನ ನಾಟಕಗಳನ್ನು ಒಟ್ಟುಮಾಡಿದ 1623ರ ಸಂಪುಟದಲ್ಲಿ ಮದುವೆಯ ಮನರಂಜನೆ ಏರ್ಪಡಿಸುವವನ ಮಾತುಗಳನ್ನು ಅವನ ಬಾಯಿಗೆ ಕೊಟ್ಟಿದೆ. ಮಗಳ ಮದುವೆಗೆ ಮುನಿಸಿಕೊಂಡು ಬಾರದ ಅಪ್ಪನನ್ನೂ ನೋಡಿದ್ದೇವೆ, ಒಳಗೊಳಗೇ ಕುದಿಯುತ್ತ ಬೀಗರಿಗೆ ಎಲೆ ಹಾಕಿಸುವ ಅಪ್ಪನನ್ನೂ ನೋಡಿದ್ದೇವೆ. ಎರಡರಲ್ಲಿ ಒಂದನ್ನು ಆರಿಸಿ, ಆದರೆ ಆರಿಸಿ. ನಾವು ಅವನನ್ನು ಕರೆತಂದು ಹಂದರದ ಕಂಬಕ್ಕೆ ಒರಗಿಸಿ ನಿಲ್ಲಿಸಿದೆವು.

ಹೊರಗಿನ ಕೆಲಸ ಒಂದಿಷ್ಟು

ಪೂರ್ತಿ ಆಡಿದರೆ ಎರಡೂವರೆ ಗಂಟೆ ಹಿಡಿಯುತ್ತದೆ. ಕಡಿತ ಮಾಡುವುದಾದರೆ ಹುಡುಗರು ಕಾಡಿನಲ್ಲಿ ಒಬ್ಬರನ್ನೊಬ್ಬರು ಅಟ್ಟುವ ಭಾಗದಲ್ಲಿ ಮಾಡಿ. ಎಸ್. ಎಂ. ಪಂಡಿತ ರಂಗಮಂದಿರದಂಥ ದೊಡ್ಡ ಸಭಾಂಗಣಕ್ಕಿಂತ ಗಿಡವಿರುವ ಅಂಗಳವೇ ಈ ನಾಟಕಕ್ಕೆ ಒಗ್ಗುತ್ತದೆ; ಮಾರ್ಚ್ ದಾಟಿದರೆ ರಾತ್ರಿ ಎಂಟರ ನಂತರವೇ ಶುರುಮಾಡಿ. ಹೆಣ್ಣುಮಕ್ಕಳ ತಾಲೀಮು ಹಳ್ಳಿಯ ಕೊನೆಯ ಬಸ್ಸಿಗೆ ಅರ್ಧ ಗಂಟೆ ಮುಂಚೆ ಮುಗಿಯಲಿ. ಅವರ ಮನೆಯವರನ್ನು ಒಂದು ದಿನ ತಾಲೀಮಿಗೆ ಕರೆಯಿರಿ, ಮೊದಲ ದೃಶ್ಯವನ್ನೇ ತೋರಿಸಿ. ನಾನು ಹಾಗೆ ಮಾಡಿದಾಗ ಒಬ್ಬ ತಂದೆ ಈಜಿಯಸ್‌ನ ಹುಡುಗನನ್ನು ಪಕ್ಕಕ್ಕೆ ಕರೆದು, ಇಷ್ಟು ಜೋರಾಗಿ ಅರಚಿದರೆ ಮಗಳು ಹೆದರುವುದಿಲ್ಲ, ಮೆಲ್ಲಗೆ ಹೇಳಬೇಕು ಎಂದು ತಿದ್ದಿ ಹೋದರು. ಅದಕ್ಕಿಂತ ಒಳ್ಳೆಯ ನಿರ್ದೇಶನವನ್ನು ನಾನು ಕೊಟ್ಟಿರಲಿಲ್ಲ.

ಮದುವೆಯ ಸಂಜೆ

ಐದನೆಯ ಅಂಕದಲ್ಲಿ ಮೂರು ಜೋಡಿಗಳು ಕುಳಿತಿದ್ದಾರೆ, ಎದುರಿಗೆ ಕಸುಬುದಾರರು ಪಿರಮಸ್–ಥಿಸ್ಬಿ ಆಡುತ್ತಿದ್ದಾರೆ. ರೋಮನ್ ಕವಿ ಓವಿಡ್ ಹೇಳಿದ ಹಳೆಯ ಕಥೆ: ಹಿರಿಯರು ಒಪ್ಪದ ಪ್ರೇಮಿಗಳು ಗೋಡೆಯ ಬಿರುಕಿನಲ್ಲಿ ಮಾತಾಡಿ, ರಾತ್ರಿ ಊರು ಬಿಟ್ಟು, ಇಬ್ಬರೂ ಸಾಯುತ್ತಾರೆ. ಎರಡು ದಿನದ ಹಿಂದೆ ಹರ್ಮಿಯಾಳ ಪಾಲಿಗೆ ಬರಬಹುದಾಗಿದ್ದ ಕಥೆಯೇ ಇದು. ಡಿಮಿಟ್ರಿಯಸ್, ಲೈಸ್ಯಾಂಡರ್ ಒಂದರ ಮೇಲೊಂದು ಚಟಾಕಿ ಹಾರಿಸುತ್ತಾರೆ. ಹಿಪ್ಪೊಲಿಟಾ ಇಷ್ಟು ಪೆದ್ದು ನಾಟಕ ಕೇಳಿಯೇ ಇಲ್ಲ ಎನ್ನುತ್ತಾಳೆ, ಆಮೇಲೆ ಸಾಯುವ ಪಿರಮಸ್‌ನನ್ನು ಕಂಡು ಪಾಪ ಎಂದು ಮರುಗುವವಳೂ ಅವಳೇ. ಪ್ರೇಮಿಗಳ ರಾತ್ರಿಯ ಕಥೆ ಬರೀ ಭ್ರಮೆ ಎಂದ ಗಂಡನಿಗೆ, ಅದರಲ್ಲಿ ಏನೋ ಗಟ್ಟಿಯಾದದ್ದಿದೆ ಎಂದು ಎದುರು ಹೇಳುತ್ತಾಳೆ. ಕತ್ತಿಯಿಂದ ಗೆದ್ದುಕೊಂಡವಳು ಮಾತಾಡುತ್ತಾಳೆ; ಒಲಿದು ಮದುವೆಯಾದ ಇಬ್ಬರು ಸುಮ್ಮನೆ ಕುಳಿತಿರುತ್ತಾರೆ.

ಈ ಮೌನವನ್ನು ತುಂಬಲು ಹೋಗಬೇಡಿ. ನಮ್ಮಲ್ಲಿ ಮದುಮಗಳಿಂದ ಒಡಪು ಹಾಕಿಸಿ ಗಂಡನ ಹೆಸರು ಹೇಳಿಸುವ ಪದ್ಧತಿ ಇದೆಯಲ್ಲ, ಎರಡನೆಯ ಪ್ರಯೋಗದಲ್ಲಿ ಹರ್ಮಿಯಾಳ ಬಾಯಲ್ಲಿ ಒಂದು ಒಡಪು ಹಾಕಿಸಿದ್ದೆ. ಚಪ್ಪಾಳೆ ಬಂತು, ದೃಶ್ಯ ಸತ್ತಿತು. ಮೂರನೆಯ ಸಲ ಕೆಲಸ ಕೊಟ್ಟೆ, ಮಾತು ಕೊಡಲಿಲ್ಲ. ಬಾಸಿಂಗ ಕಟ್ಟಿಕೊಂಡ ಇಬ್ಬರೂ ಗಂಡಂದಿರ ಅಕ್ಕಪಕ್ಕ ಕುಳಿತು ನಾಟಕ ನೋಡುತ್ತಾರೆ. ಗೋಡೆಯ ಬಿರುಕಿನ ದೃಶ್ಯ ಬಂದಾಗ ಹರ್ಮಿಯಾ ನಗುವುದನ್ನು ನಿಲ್ಲಿಸುತ್ತಾಳೆ. ಥಿಸ್ಬಿ ಸತ್ತಾಗ ಹೆಲೆನಾ, ಗಂಡಂದಿರ ಬೆನ್ನ ಹಿಂದಿನಿಂದ, ಹರಿದ ಕೌದಿಯ ಒಂದು ತುದಿಯನ್ನು ಅವಳ ಕಡೆಗೆ ಸರಿಸುತ್ತಾಳೆ.

ಕೊನೆಗೆ ಎಲ್ಲರೂ ಒಳಗೆ ಹೋಗುತ್ತಾರೆ. ಯಕ್ಷರು ಬಂದು ಮೂರು ಜೋಡಿಗಳ ಹಾಸಿಗೆಗೆ, ಹುಟ್ಟುವ ಮಕ್ಕಳಿಗೆ ಹರಸುವ ಮುನ್ನ ಪಕ್ ಪೊರಕೆ ಹಿಡಿದು ಬರುತ್ತಾನೆ, ಬಾಗಿಲ ಹಿಂದಿನ ಧೂಳು ಗುಡಿಸಲು ನನ್ನನ್ನು ಕಳಿಸಿದ್ದಾರೆ ಎನ್ನುತ್ತಾನೆ. ಅಕ್ಷತೆಗೆಂದು ಒಂದು ಕಿಲೋ ಅಕ್ಕಿ ತಂದಿಡಿ, ಅರಿಸಿನ ಕಡಿಮೆ ಹಾಕಿ, ವೇದಿಕೆಗೆ ಕಲೆಯಾಗುತ್ತದೆ. ಅದನ್ನು ಪಕ್ ನಿಧಾನವಾಗಿ ಗುಡಿಸಲಿ. ಈಜಿಯಸ್ ಇನ್ನೂ ಕಂಬಕ್ಕೆ ಒರಗಿ ನಿಂತಿದ್ದರೆ ಅವನ ಕಾಲಿನ ಸುತ್ತಲೂ ಗುಡಿಸಲಿ.